ಕಾದಿಸ್ ಬಂದರಿನಲ್ಲಿ ಒಂದು ಹಗಲು

ಬಾರ್ಸಿಲೋನಾದಿಂದ ಹೊರಟ ನಮ್ಮ ಪ್ರವಾಸಿ ಹಡಗು ಮೂರನೆಯ ದಿನ ಬೆಳಿಗ್ಗೆ ಸ್ಪೇನಿನ ನೈಋತ್ಯ ಕರಾವಳಿಯ ಕಾದಿಸ್ ಬಂದರನ್ನು ಸೇರಿತು. ಸಂಜೆ 4-30ರೊಳಗೆ ಮರಳಬೇಕು, ತಡವಾದವರಿಗಾಗಿ ಹಡಗು ಕಾಯದು ಎಂದು ಹಿಂದಿನ ರಾತ್ರಿಯೇ ಸಾರಿದ್ದರು. ನಮ್ಮೊಡನೆ 74 ವರ್ಷದ ತಾಯಿಯವರಿದ್ದರು. ಅವರಿಗೆ ಮೊಣಕಾಲು ನೋವು ಬೇರೆ. ಆದಕಾರಣ ಸೆವಿಲ್ಲೆ ನಗರಕ್ಕೆ ಹೋಗುವ ಬಸ್ಸನ್ನು ಬಿಟ್ಟು, ಊರೊಳಗೇ ನಿಧಾನವಾಗಿ ಅಡ್ಡಾಡಲು ನಿಶ್ಚಯಿಸಿದೆವು. ಹಡಗುಕಟ್ಟೆಯನ್ನು ದಾಟಿದರೆ ಊರೇ ಆದ್ದರಿಂದ ವಾಹನದ ಹಂಗಿರಲಿಲ್ಲ.

ಫಿನೀಷಿಯದ ವರ್ತಕರು ಸುಮಾರು 3000 ವರ್ಷಗಳ ಹಿಂದೆ ಕಟ್ಟಿದರೆಂದು ಪ್ರತೀತಿಯಿರುವ ಊರಿದು. ಓಣಿಗಳು ಬಲು ಇಕ್ಕಟ್ಟು. ಅಮೆರಿಕದೊಡನೆ ವ್ಯಾಪಾರ ನಡೆಸುವ ಸರಕಾರಿ ಕಚೇರಿ 1717ರಲ್ಲಿ ಸೆವಿಲ್ಲೆಯಿಂದ ಇಲ್ಲಿಗೆ ಬಂದ ಮೇಲೆ ಸಿರಿ ಹೆಚ್ಚಿತು. ಬರುವ ಹಡಗುಗಳನ್ನು ದೂರದಿಂದಲೇ ಕಾಣಲು ವರ್ತಕರು ಮನೆಗಳ ಮೇಲೆ ಕಟ್ಟಿಸಿದ ಗೋಪುರಗಳು ಇಂದಿಗೂ ತಲೆಯೆತ್ತಿ ನಿಂತಿವೆ.

ಊರ ನಡುವಿನ ಹಳೆಯ ಮಾರುಕಟ್ಟೆಯ ತುಂಬ ಮೀನಿನ ರಾಶಿ. ತಾಯಿಯವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಬೇಗಬೇಗನೆ ನಡೆದವರು, ಸಂಬಾರ ಪದಾರ್ಥಗಳ ಅಂಗಡಿಯೊಂದರ ಮುಂದೆ ಥಟ್ಟನೆ ನಿಂತರು. ಕೆಂಪು ಪುಡಿಯನ್ನು ಮೂಸಿ ನೋಡಿ, "ಯಪ್ಪಾ, ಇದು ನಮ್ಮ ಬ್ಯಾಡಗಿ ಬಣ್ಣಾನ ಐತಲ್ಲೋ! ಖಾರಾ ಮಾತ್ರ ಇಲ್ಲ" ಎಂದರು.

ಕೊಲಂಬಸನು ತನ್ನ ಎರಡನೆಯ ಯಾತ್ರೆಗೆ 1493ರ ಸೆಪ್ಟೆಂಬರ್ 25ರಂದು 17 ಹಡಗುಗಳೊಡನೆ ಹೊರಟದ್ದು ಇದೇ ಬಂದರಿನಿಂದ. ಅವನಿಗೆ ಬೇಕಾಗಿದ್ದುದು ನಮ್ಮ ಭಾರತ, ನಮ್ಮ ಕರಿಮೆಣಸು. ದೊರೆತದ್ದು ಅಮೆರಿಕ, ಅಲ್ಲಿಯ ಮೆಣಸಿನಕಾಯಿ. ಅದೇ ಕಾಯಿ ಪೋರ್ಚುಗೀಸರ ಕೈಯಿಂದ ಗೋವೆಯ ಕಡೆಗೆ ಬಂದು, ಮೆಣಸಿನ ಹೆಸರನ್ನೇ ಹೊತ್ತು ನಮ್ಮ ಒಲೆಯ ಬಳಿ ನೆಲೆಸಿತು. ಇದನ್ನು ಹೇಳಿದಾಗ ತಾಯಿಯವರು ನಂಬಲೊಲ್ಲರು. "ಹಂಗಾದ್ರ ನಮ್ಮ ಹಿರ್ಯಾರು ಏನು ಸಪ್ಪನ್ನ ಉಣ್ಣತಿದ್ರೇನು?" ಇಲ್ಲ, ಅವರಿಗೆ ಕರಿಮೆಣಸಿತ್ತು, ಶುಂಠಿಯಿತ್ತು ಎಂದೆವು. ಅದೇ ಕೊಲಂಬಸನು 1495ರಲ್ಲಿ ಅಲ್ಲಿಯ ನೂರಾರು ಮೂಲನಿವಾಸಿಗಳನ್ನು ಸೆರೆಹಿಡಿದು ಗುಲಾಮರಾಗಿ ಸ್ಪೇನಿಗೆ ಸಾಗಿಸಿದ್ದನ್ನೂ, ಅನೇಕರು ದಾರಿಯಲ್ಲೇ ಸತ್ತದ್ದನ್ನೂ ಹೇಳಿದೆವು. ತಾಯಿಯವರು ಪುಡಿಯ ಡಬ್ಬಿಯನ್ನು ಕೆಳಗಿಟ್ಟು, ಬಹಳ ಹೊತ್ತು ಮಾತನಾಡಲಿಲ್ಲ.

ಊಟದ ವಿಷಯದಲ್ಲಿ ಓದುಗರಿಗೊಂದು ಮಾತು. ಸಸ್ಯಾಹಾರಿ ಎಂದಷ್ಟೇ ಹೇಳಿದರೆ ಇಲ್ಲಿ ಮೀನು ಬಂದೀತು. ಮಾಂಸ, ಮೀನು, ಮೊಟ್ಟೆ ಮೂರೂ ಬೇಡವೆಂದು ಬಿಡಿಬಿಡಿಯಾಗಿ ಹೇಳಬೇಕು. ನಮಗೆ ಕಡಲೆಕಾಳು ಹಾಕಿದ ಪಾಲಕ್ ಪಲ್ಯ ದೊರೆಯಿತು, ಚೆನ್ನಾಗಿತ್ತು. ತಾಯಿಯವರು ಚೀಲದಿಂದ ಶೇಂಗಾ ಹಿಂಡಿಯ ಡಬ್ಬಿ ತೆಗೆದು ಬ್ರೆಡ್ಡಿನ ಮೇಲೆ ಉದುರಿಸಿಕೊಂಡರು. ಶೇಂಗಾ ಕೂಡ ಅಮೆರಿಕದಿಂದಲೇ ಬಂದದ್ದೆಂದು ಹೇಳುವ ಧೈರ್ಯ ನಮಗಾಗಲಿಲ್ಲ.

ಊಟವಾದ ಮೇಲೆ ಅಂಗಡಿಗಳು ಒಂದೊಂದಾಗಿ ಬಾಗಿಲೆಳೆದವು. ಒಂದೇ ತೆರನಾದ ಓಣಿಗಳಲ್ಲಿ ನಮಗೆ ದಾರಿ ತಪ್ಪಿತು. ಗಂಟೆ ನಾಲ್ಕಾಗಿತ್ತು, ತಾಯಿಯವರ ಕಾಲು ಸೋತಿತ್ತು. ಮನೆಯ ಹೊಸ್ತಿಲಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು ನಮ್ಮ ಅವಸ್ಥೆಯನ್ನು ಕಂಡು, ಭಾಷೆ ತಿಳಿಯದಿದ್ದರೂ ತಾಯಿಯವರ ಕೈಹಿಡಿದು ಬಂದರಿನ ಬಾಗಿಲವರೆಗೂ ನಡೆಸಿಕೊಂಡು ಬಂದರು. ತಾಯಿಯವರು ಚೀಲದಲ್ಲಿದ್ದ ಹಿಂಡಿಯ ಡಬ್ಬಿಯನ್ನೇ ಅವರ ಕೈಗಿತ್ತರು. ನಾವು ಹಡಗನ್ನೇರಿದಾಗ 4-25.