ಗಾಳಿಗೆ ಬೇಲಿಯಿಲ್ಲ

ಅಮೆರಿಕ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗದಲ್ಲಿ ಮೆಂಫಿಸ್, ಬರ್ಮಿಂಗ್‌ಹ್ಯಾಮ್, ಅಟ್ಲಾಂಟಾ ಎಂಬ ಮೂರು ನಗರಗಳಿವೆ. ಟೆನೆಸೀ, ಅಲಬಾಮಾ, ಜಾರ್ಜಿಯಾ ಎಂಬ ಮೂರು ಬೇರೆ ಬೇರೆ ರಾಜ್ಯಗಳಿಗೆ ಸೇರಿದ ಊರುಗಳು ಇವು. ಪಶ್ಚಿಮದಿಂದ ಪೂರ್ವಕ್ಕೆ ಕಾರಿನಲ್ಲಿ ಹೊರಟರೆ ಎರಡು ದಿನಗಳಲ್ಲಿ ಮೂರನ್ನೂ ನೋಡಬಹುದು. ಅಟ್ಲಾಂಟಾದಲ್ಲಿ ಉದ್ಯೋಗದಲ್ಲಿರುವ ಮಗನ ಮನೆಗೆ ಬೇಸಿಗೆಯ ರಜೆಯಲ್ಲಿ ಹೋಗಿದ್ದಾಗ ನಾವು ಹಾಗೆಯೇ ಮಾಡಿದೆವು. ಆ ದೇಶಕ್ಕೆ ಹೋದವರು ನಯಾಗರಾ ಜಲಪಾತವನ್ನೋ ನ್ಯೂಯಾರ್ಕಿನ ಗಗನಚುಂಬಿ ಕಟ್ಟಡಗಳನ್ನೋ ಕಂಡು ಬರುವುದು ವಾಡಿಕೆ. ನನಗಾದರೋ ಹಳೆಯ ಬಾನುಲಿ ಕೇಂದ್ರಗಳಿದ್ದ ಮೂರು ಊರುಗಳನ್ನು ಕಾಣಬೇಕೆಂಬ ಆಸೆ. “ಅಪ್ಪಾ, ರೇಡಿಯೋ ನೋಡುವುದಕ್ಕೆ ಇಷ್ಟು ದೂರ ಬರಬೇಕಿತ್ತೇ?” ಎಂದು ಮಗ ನಕ್ಕನು. ಬರಬೇಕಿತ್ತು ಎಂಬುದನ್ನು ವಾಚಕರ ಮುಂದೆ ನಿವೇದಿಸುವುದಕ್ಕಾಗಿಯೇ ಈ ಲೇಖನ.

ಗುಲಾಮಗಿರಿಯು 1865ರಲ್ಲಿಯೇ ಆ ದೇಶದಲ್ಲಿ ರದ್ದಾಯಿತು. ಆದರೂ ಮುಂದೆ ಸುಮಾರು ನೂರು ವರ್ಷಗಳ ಕಾಲ ದಕ್ಷಿಣದ ರಾಜ್ಯಗಳಲ್ಲಿ ಆಫ್ರಿಕನ್ ಮೂಲದ ಕಪ್ಪು ಜನರಿಗೆ ಬೇರೆ ಶಾಲೆ, ಬೇರೆ ಆಸ್ಪತ್ರೆ, ಕುಡಿಯುವ ನೀರಿಗೆ ಬೇರೆ ನಲ್ಲಿ. ಬಸ್ಸಿನಲ್ಲಿ ಅವರು ಹಿಂದಿನ ಆಸನಗಳಲ್ಲಿಯೇ ಕುಳಿತುಕೊಳ್ಳಬೇಕು. ಅಸ್ಪೃಶ್ಯತೆಯ ಚರಿತ್ರೆಯನ್ನು ಬಲ್ಲ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಬಿಳಿಯರ ಪತ್ರಿಕೆಗಳಲ್ಲಿ ಕಪ್ಪು ಜನರ ಹೆಸರು ಬರುತ್ತಿದ್ದುದು ಹೆಚ್ಚಾಗಿ ಅಪರಾಧದ ಸುದ್ದಿಯಲ್ಲಿ. ಅವರ ಮದುವೆ, ಮರಣ, ಸಭೆ, ಸಾಧನೆಗಳಿಗೆ ಅಲ್ಲಿ ಸ್ಥಳವಿರಲಿಲ್ಲ. ಶಾಲೆಯ ಬಾಗಿಲನ್ನು ಕಾಣದ ಕೂಲಿಕಾರರಿಗೆ ಪತ್ರಿಕೆಯಿದ್ದೂ ಇಲ್ಲದಂತೆಯೇ. ಇಂಥ ಸಮಾಜದಲ್ಲಿ ಬಾನುಲಿಯು ಒಂದು ವಿಚಿತ್ರ ವಸ್ತುವಾಯಿತು. ನಲ್ಲಿಯನ್ನು ಎರಡು ಮಾಡಬಹುದು, ಶಾಲೆಯನ್ನು ಎರಡು ಮಾಡಬಹುದು. ಗಾಳಿಯಲ್ಲಿ ತೇಲಿ ಬರುವ ಧ್ವನಿಗೆ ಬೇಲಿ ಹಾಕುವುದು ಯಾರಿಂದಲೂ ಆಗದು.

ನಮ್ಮ ಪ್ರಯಾಣ ಮೆಂಫಿಸ್ಸಿನಿಂದ ಮೊದಲಾಯಿತು. ಇದು ಮಿಸಿಸಿಪ್ಪಿ ಮಹಾನದಿಯ ದಂಡೆಯ ಮೇಲಿರುವ, ಹತ್ತಿಯ ವ್ಯಾಪಾರದಿಂದ ಬೆಳೆದ ಊರು. 1947ರಲ್ಲಿ ಇಬ್ಬರು ಬಿಳಿಯ ವ್ಯಾಪಾರಿಗಳು ಇಲ್ಲಿ ಡಬ್ಲ್ಯು.ಡಿ.ಐ.ಎ. ಎಂಬ ಬಾನುಲಿ ಕೇಂದ್ರವನ್ನು ತೆರೆದರು. ಬಿಳಿಯರಿಗಾಗಿ ಸಂಗೀತವನ್ನು ಪ್ರಸಾರ ಮಾಡಿ ನಷ್ಟಕ್ಕೊಳಗಾದರು. ಆಗ ಅವರ ಕಣ್ಣು, ಊರಿನ ಜನಸಂಖ್ಯೆಯಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚಾಗಿದ್ದೂ ಯಾರ ಲೆಕ್ಕಕ್ಕೂ ಬಾರದಿದ್ದ ಕಪ್ಪು ಜನರ ಕಡೆಗೆ ಹೊರಳಿತು. ಇದರಲ್ಲಿ ಸಮಾಜಸುಧಾರಣೆಯ ಉದ್ದೇಶಕ್ಕಿಂತ ವ್ಯಾಪಾರದ ಲೆಕ್ಕಾಚಾರವೇ ಮುಂದಾಗಿತ್ತು. ಆದರೆ ಆರಿಸಿ ತಂದ ಮನುಷ್ಯ ಮಾತ್ರ ಸಾಮಾನ್ಯನಲ್ಲ. ಆತ ನ್ಯಾಟ್ ಡಿ. ವಿಲಿಯಮ್ಸ್, ಊರಿನ ಬುಕರ್ ಟಿ. ವಾಷಿಂಗ್ಟನ್ ಪ್ರೌಢಶಾಲೆಯಲ್ಲಿ ಇತಿಹಾಸದ ಉಪಾಧ್ಯಾಯರು.

1948ರ ಅಕ್ಟೋಬರ್ ತಿಂಗಳ ಒಂದು ಸಂಜೆ ಅವರು ಮೊದಲ ಸಲ ಧ್ವನಿಗ್ರಾಹಕದ ಮುಂದೆ ಕುಳಿತರು. ಸಂಜ್ಞೆ ದೊರೆತ ಕೂಡಲೇ ಹೇಳಬೇಕಾದ ಮಾತೆಲ್ಲ ಮರೆತುಹೋಯಿತು; ಬೇರೇನೂ ತೋಚದೆ ಗಹಗಹಿಸಿ ನಕ್ಕುಬಿಟ್ಟರು. ಆ ನಗೆಯೇ ಮುಂದೆ ಅವರ ಗುರುತಾಯಿತು. ಬಿಳಿಯರ ಕೇಂದ್ರದಲ್ಲಿ ಕಪ್ಪು ಮನುಷ್ಯನ ಧ್ವನಿಯೇ ಎಂದು ಸಿಟ್ಟಿಗೆದ್ದವರಿಂದ ಬೆದರಿಕೆಗಳೂ ಬಂದವು. ಆದರೂ ಪ್ರಸಾರ ನಿಲ್ಲಲಿಲ್ಲ. ಒಂದು ವರ್ಷ ತುಂಬುವುದರೊಳಗೆ ಕೇಂದ್ರದ ಕಾರ್ಯಕ್ರಮಗಳೆಲ್ಲವೂ ಕಪ್ಪು ಜನರಿಗಾಗಿಯೇ ಆದವು. ವಿಲಿಯಮ್ಸರು ಬೆಳಿಗ್ಗೆ ಶಾಲೆಗೆ ಮುನ್ನ ಒಂದು ಕಾರ್ಯಕ್ರಮ, ಹಗಲೆಲ್ಲ ಪಾಠ, ಸಂಜೆ ಶಾಲೆ ಬಿಟ್ಟ ಮೇಲೆ ಮತ್ತೊಂದು ಕಾರ್ಯಕ್ರಮ ಎಂಬಂತೆ ದುಡಿದರು. ಉಪಾಧ್ಯಾಯ ವೃತ್ತಿಯನ್ನು ಅವರು ಬಿಡಲಿಲ್ಲ. ಅವರ ಶಿಷ್ಯರಾದ ರೂಫಸ್ ಥಾಮಸ್ ಎಂಬ ಗಾಯಕರೂ ಮುಂದೆ ಅದೇ ಕೇಂದ್ರದ ಉದ್ಘೋಷಕರಾದರು. ಜಗತ್ಪ್ರಸಿದ್ಧರಾದ ಬಿ. ಬಿ. ಕಿಂಗ್ ಅವರು ಔಷಧದ ಜಾಹೀರಾತಿಗೆ ಹಾಡುತ್ತ ಹೆಸರು ಗಳಿಸತೊಡಗಿದ್ದೂ ಇಲ್ಲಿಯೇ.

ಸಂಗೀತಕ್ಕಿಂತ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದುದು ಆ ಕೇಂದ್ರದ ಸಣ್ಣಪುಟ್ಟ ಸೇವೆಗಳು. ಯಾರದೋ ವಸ್ತು ಕಳೆದುಹೋಗಿದೆ, ಯಾರೋ ಮನೆಗೆ ಮರಳಿಲ್ಲ, ಇಂಥ ದಿನ ಇಂಥ ಚರ್ಚಿನಲ್ಲಿ ಸಭೆಯಿದೆ — ಇಂಥ ಪ್ರಕಟಣೆಗಳನ್ನು ಶುಲ್ಕವಿಲ್ಲದೆ ಓದುತ್ತಿದ್ದರು. ವಿಲ್ಲಾ ಮನ್ರೋ ಎಂಬ ಮಹಿಳೆ ಗೃಹಿಣಿಯರಿಗಾಗಿ ಕಾರ್ಯಕ್ರಮ ನಡೆಸಿ ಅಡಿಗೆಯ ವಿಧಾನಗಳನ್ನೂ ಕಪ್ಪು ಕುಟುಂಬಗಳ ಶುಭಸಮಾಚಾರಗಳನ್ನೂ ತಿಳಿಸುತ್ತಿದ್ದರು. ಬಿಳಿಯರ ಮನೆಗಳಲ್ಲಿ ಅಡಿಗೆ ಮಾಡಿ ಬಂದ ಹೆಂಗಸರನ್ನು ಒಂದು ಮನೆಯ ಯಜಮಾನಿಯೆಂದು ಕರೆದು ಮಾತನಾಡಿಸಿದ ಧ್ವನಿ ಅದು. ಕೇಂದ್ರವು ಪ್ರತಿವರ್ಷ ಸಂಗೀತೋತ್ಸವಗಳನ್ನು ಏರ್ಪಡಿಸಿ, ಬಂದ ಹಣದಿಂದ ಅಂಗವಿಕಲರಾದ ಕಪ್ಪು ಮಕ್ಕಳನ್ನು ಶಾಲೆಗೆ ಕರೆದೊಯ್ಯಲು ಬಸ್ಸನ್ನು ಒದಗಿಸಿತು. ಬಾಲಕರಿಗಾಗಿ ಬೇಸ್‌ಬಾಲ್ ತಂಡಗಳನ್ನು ಕಟ್ಟಿತು. 1954ರಲ್ಲಿ ಪ್ರಸಾರದ ಶಕ್ತಿ 50,000 ವ್ಯಾಟಿಗೆ ಏರಿದಾಗ, ದೇಶದ ಕಪ್ಪು ಜನಸಂಖ್ಯೆಯ ಸುಮಾರು ಹತ್ತನೆಯ ಒಂದು ಪಾಲು ಈ ಧ್ವನಿಯ ವ್ಯಾಪ್ತಿಗೆ ಬಂದಿತು. ಹತ್ತಿಯ ಹೊಲದ ಗುಡಿಸಲಿನಲ್ಲಿದ್ದವನಿಗೂ ತನ್ನವರು ಎಷ್ಟು ಮಂದಿ ಇದ್ದಾರೆಂಬ ಅರಿವು ಮೂಡಿತು.

ಮೆಂಫಿಸ್ಸಿನಿಂದ ಬರ್ಮಿಂಗ್‌ಹ್ಯಾಮಿಗೆ ಸುಮಾರು 240 ಮೈಲಿ. ಇದು ಕಬ್ಬಿಣದ ಕಾರ್ಖಾನೆಗಳಿಂದ ಬೆಳೆದ ನಗರ. ವರ್ಣಭೇದವನ್ನು ಇಲ್ಲಿಯಷ್ಟು ಕಟುವಾಗಿ ನಡೆಸಿದ ದೊಡ್ಡ ಊರು ದಕ್ಷಿಣದಲ್ಲಿ ಇನ್ನೊಂದಿರಲಿಲ್ಲ ಎನ್ನುತ್ತಾರೆ. ಇಲ್ಲಿನ ಕಪ್ಪು ಯುವಜನರ ಮೆಚ್ಚಿನ ಉದ್ಘೋಷಕರು ಶೆಲ್ಲಿ ಸ್ಟುವರ್ಟ್ ಮತ್ತು ‘ಟಾಲ್ ಪಾಲ್’ ಎಂದು ಹೆಸರಾದ ಪಾಲ್ ವೈಟ್. ಗಾಳಿಗೆ ಬೇಲಿಯಿಲ್ಲದ್ದರಿಂದ ಬಿಳಿಯ ತರುಣರೂ ಸ್ಟುವರ್ಟರ ಧ್ವನಿಗೆ ಮರುಳಾಗಿದ್ದರು. 1960ರಲ್ಲಿ ಸಮೀಪದ ಬೆಸಿಮರ್ ಎಂಬಲ್ಲಿ ಬಿಳಿಯ ತರುಣ ತರುಣಿಯರ ನೃತ್ಯಕೂಟಕ್ಕೆ ಅವರು ಸಂಗೀತ ಒದಗಿಸುತ್ತಿದ್ದಾಗ ಕು ಕ್ಲುಕ್ಸ್ ಕ್ಲಾನ್ ಎಂಬ ದ್ವೇಷಕೂಟದವರು ಹೊರಗೆ ಬಂದು ಸುತ್ತುವರಿದರು. ಆಗ ಆ ಬಿಳಿಯ ತರುಣರೇ ಅಡ್ಡ ನಿಂತು, ಸ್ಟುವರ್ಟರು ಪಾರಾಗಿ ಹೋಗುವಂತೆ ಮಾಡಿದರು. ಮುಖ ಕಾಣುವ ಮೊದಲೇ ಧ್ವನಿ ಸ್ನೇಹವನ್ನು ಬೆಳೆಸಿತ್ತು.

1963ರ ವಸಂತದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ನೇತೃತ್ವದಲ್ಲಿ ಇಲ್ಲಿ ಸತ್ಯಾಗ್ರಹ ಆರಂಭವಾಯಿತು. ಹಿರಿಯರು ಸೆರೆಮನೆಗೆ ಹೋದರೆ ಕೆಲಸ ಹೋಗುತ್ತದೆ, ಮನೆ ಉಪವಾಸ ಬೀಳುತ್ತದೆ. ಚಳವಳಿಯ ಬಲ ಕುಗ್ಗಿದಾಗ ಜೇಮ್ಸ್ ಬೆವೆಲ್ ಎಂಬ ತರುಣ ನಾಯಕರು ಶಾಲಾ ಮಕ್ಕಳನ್ನು ಕರೆಯುವ ಸಲಹೆಯಿತ್ತರು. ಕರೆಯುವುದು ಹೇಗೆ? ಬಹಿರಂಗವಾಗಿ ಹೇಳಿದರೆ ಪೊಲೀಸರಿಗೆ ತಿಳಿಯುತ್ತದೆ. ಆಗ ಬಾನುಲಿ ಒದಗಿ ಬಂದಿತು. ಉದ್ಯಾನದಲ್ಲಿ ದೊಡ್ಡ ಔತಣವಿದೆ, ಬರುವವರು ಹಲ್ಲುಜ್ಜುವ ಬ್ರಷ್ಷನ್ನು ತರಬೇಕು ಎಂದು ಉದ್ಘೋಷಕರು ಹಾಡುಗಳ ನಡುವೆ ಹೇಳಿದರು. ಕೇಳಿದ ಬಿಳಿಯರಿಗೆ ಅದು ಹುಡುಗಾಟದ ಮಾತು. ಮಕ್ಕಳಿಗೆ ಮಾತ್ರ, ಬ್ರಷ್ಷು ಏತಕ್ಕೆಂದು ಗೊತ್ತಿತ್ತು. ಆ ರಾತ್ರಿ ಸೆರೆಮನೆಯಲ್ಲಿ ಮಲಗಬೇಕಾಗಿತ್ತು.

ಮೇ 2ರಂದು ಒಂದು ಸಾವಿರಕ್ಕೂ ಹೆಚ್ಚು ಮಕ್ಕಳು ತರಗತಿಗಳನ್ನು ಬಿಟ್ಟು ಹದಿನಾರನೆಯ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿಗೆ ಬಂದು ಸೇರಿದರು. ಒಂದು ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯರು ಗೇಟಿಗೆ ಬೀಗ ಹಾಕಿಸಿದ್ದರಂತೆ. ಮಕ್ಕಳು ಬೇಲಿಯನ್ನು ಹತ್ತಿ ಹೊರಗೆ ಹೋದರು. ಮೂವತ್ತು ವರ್ಷಗಳಿಂದ ಹಾಜರಿ ಪುಸ್ತಕವನ್ನು ಕಾಯುತ್ತ ಬಂದ ನನಗೆ ಈ ಸಂಗತಿ ಅಲ್ಲಿಂದ ಕದಲಗೊಡಲಿಲ್ಲ. ಆ ಮುಖ್ಯೋಪಾಧ್ಯಾಯರ ಸ್ಥಾನದಲ್ಲಿದ್ದರೆ ನಾನೂ ಬೀಗವನ್ನೇ ಹಾಕಿಸುತ್ತಿದ್ದೆನೇನೋ. ಮಕ್ಕಳ ಪ್ರಾಣಕ್ಕೆ ಹೊಣೆಯಾದವನು ಬೇರೇನು ಮಾಡಿಯಾನು? ಆದರೆ ಬೇಲಿ ಹತ್ತಿದ ಮಕ್ಕಳು ಸರಿಯಾದುದನ್ನೇ ಮಾಡಿದರೆಂಬುದೂ ಅಷ್ಟೇ ನಿಜ. ನೂರಾರು ಮಕ್ಕಳು ಅಂದೇ ಬಂಧಿತರಾದರು. ಮರುದಿನ ಅವರ ಮೇಲೆ ಅಗ್ನಿಶಾಮಕ ದಳದ ನೀರಿನ ಕೊಳವೆಗಳನ್ನು ಹಾಯಿಸಿದರು, ಪೊಲೀಸು ನಾಯಿಗಳನ್ನು ಬಿಟ್ಟರು. ಆ ಚಿತ್ರಗಳನ್ನು ಲೋಕವೆಲ್ಲ ಕಂಡಿತು. ಮೇ 10ರಂದು ನಗರದ ವ್ಯಾಪಾರಿಗಳ ಜೊತೆ ಒಪ್ಪಂದವಾಯಿತು. ಮರುವರ್ಷ ನಾಗರಿಕ ಹಕ್ಕುಗಳ ಕಾಯಿದೆ ಬಂದಿತು. ಆದರೆ ನಡುವೆ, 1963ರ ಸೆಪ್ಟೆಂಬರ್ 15ರಂದು, ಅದೇ ಚರ್ಚಿನಲ್ಲಿ ದ್ವೇಷಿಗಳು ಬಾಂಬಿಟ್ಟು ನಾಲ್ವರು ಬಾಲಕಿಯರನ್ನು ಕೊಂದರು. ಚರ್ಚಿನ ಎದುರಿನ ಕೆಲ್ಲಿ ಇನ್‌ಗ್ರಾಮ್ ಉದ್ಯಾನದಲ್ಲಿ ಈಗ ಆ ನಾಯಿಗಳ, ಆ ಮಕ್ಕಳ ಪ್ರತಿಮೆಗಳಿವೆ. ಅಲ್ಲಿ ಯಾರೂ ಗಟ್ಟಿಯಾಗಿ ಮಾತನಾಡುವುದಿಲ್ಲ.

ಬರ್ಮಿಂಗ್‌ಹ್ಯಾಮಿನಿಂದ ಅಟ್ಲಾಂಟಾಕ್ಕೆ ಸುಮಾರು 150 ಮೈಲಿ. ಅಲ್ಲಿನ ಆಬರ್ನ್ ಅವೆನ್ಯೂ ಎಂಬ ಬೀದಿ ಒಂದು ಕಾಲಕ್ಕೆ ಕಪ್ಪು ಜನರ ಬ್ಯಾಂಕು, ವಿಮಾ ಸಂಸ್ಥೆ, ಪತ್ರಿಕೆ, ಚರ್ಚುಗಳಿಂದ ಕಳಕಳಿಸುತ್ತಿತ್ತು. ಈಗ ಮೇಲೆ ಹಾದುಹೋಗಿರುವ ಹೆದ್ದಾರಿಯು ಬೀದಿಯನ್ನು ಎರಡು ತುಂಡು ಮಾಡಿದೆ. ಈ ಬೀದಿಯಲ್ಲಿರುವ ಪ್ರಿನ್ಸ್ ಹಾಲ್ ಎಂಬ ಹಳೆಯ ಕಟ್ಟಡದಲ್ಲಿ ಡಬ್ಲ್ಯು.ಇ.ಆರ್.ಡಿ. ಕೇಂದ್ರವಿತ್ತು. ಲೆಕ್ಕಪರಿಶೋಧಕರೂ ಪ್ರಾಧ್ಯಾಪಕರೂ ಆಗಿದ್ದ ಜೆಸ್ಸಿ ಬ್ಲೇಟನ್ ಅವರು 1949ರಲ್ಲಿ 50,000 ಡಾಲರು ಕೊಟ್ಟು ಇದನ್ನು ಕೊಂಡರು. ಅಮೆರಿಕದಲ್ಲಿ ಕಪ್ಪು ಮನುಷ್ಯನೊಬ್ಬನ ಒಡೆತನಕ್ಕೆ ಬಂದ ಮೊದಲ ಬಾನುಲಿ ಕೇಂದ್ರವಿದು. ಮೆಂಫಿಸ್ಸಿನಲ್ಲಿ ಧ್ವನಿ ಮಾತ್ರ ತಮ್ಮದಾಗಿತ್ತು. ಇಲ್ಲಿ ಯಂತ್ರವೂ ತಮ್ಮದಾಯಿತು.

ಅದೇ ಕಟ್ಟಡದ ಕೆಳಗಿನ ಅಂತಸ್ತಿನಲ್ಲಿ ಕಿಂಗ್ ಅವರ ಸಂಘಟನೆಯ ಕಚೇರಿಯಿತ್ತು. ತುರ್ತಾಗಿ ಜನರಿಗೆ ಏನನ್ನಾದರೂ ಹೇಳಬೇಕಾದಾಗ ಅವರು ಪೊರಕೆಯ ಹಿಡಿಯಿಂದ ಮಾಳಿಗೆಯನ್ನು ತಟ್ಟುತ್ತಿದ್ದರಂತೆ; ಮೇಲೆ ಇದ್ದ ಉದ್ಘೋಷಕ ಜ್ಯಾಕ್ ಗಿಬ್ಸನ್ ಅವರು ಹಾಡನ್ನು ನಿಲ್ಲಿಸಿ, ಧ್ವನಿಗ್ರಾಹಕವನ್ನು ಕಿಟಕಿಯಿಂದ ಕೆಳಕ್ಕೆ ಇಳಿಬಿಡುತ್ತಿದ್ದರಂತೆ. ಅಟ್ಲಾಂಟಾದವರು ಇಂದಿಗೂ ಹೇಳುವ ಕಥೆಯಿದು. ಒಂದು ಪೊರಕೆ, ಒಂದು ಉದ್ದದ ತಂತಿ — ಇಷ್ಟರಲ್ಲಿ ಒಂದು ಜನಾಂಗಕ್ಕೆ ಮಾತು ಮುಟ್ಟುತ್ತಿತ್ತು.

ಬಾನುಲಿಯ ಬಲವನ್ನು ಕಿಂಗ್ ಚೆನ್ನಾಗಿ ಅರಿತಿದ್ದರು. 1959ರಲ್ಲಿ ಅವರು ಪತ್ನಿಯೊಡನೆ ಸುಮಾರು ಒಂದು ತಿಂಗಳು ಗಾಂಧೀಜಿಯವರ ನಾಡನ್ನು ಸುತ್ತಿ, ಮರಳುವ ಮುನ್ನ ಮಾರ್ಚ್ 9ರಂದು ನಮ್ಮ ಆಕಾಶವಾಣಿಯ ಮೂಲಕವೇ ಅಹಿಂಸೆಯ ಕುರಿತು ಭಾರತೀಯರಿಗೆ ವಿದಾಯದ ಮಾತುಗಳನ್ನಾಡಿದ್ದರು. ಆ ಧ್ವನಿಮುದ್ರಣ ಐವತ್ತು ವರ್ಷಗಳ ಬಳಿಕ ಮತ್ತೆ ಬೆಳಕಿಗೆ ಬಂತು. 1967ರ ಆಗಸ್ಟಿನಲ್ಲಿ ಇದೇ ಅಟ್ಲಾಂಟಾದಲ್ಲಿ ಕಪ್ಪು ಉದ್ಘೋಷಕರ ಸಮ್ಮೇಳನ ನಡೆದಾಗ, ತಮ್ಮ ಚಳವಳಿಯು ಈ ಉದ್ಘೋಷಕರಿಗೆ ಎಷ್ಟು ಋಣಿಯಾಗಿದೆಯೆಂಬುದನ್ನು ಅವರು ಮುಕ್ತಕಂಠದಿಂದ ಹೇಳಿದರು. ಬಡವರಿಗೆ ಬಾನುಲಿಯೇ ಪತ್ರಿಕೆ, ಬಾನುಲಿಯೇ ಸಭೆ. ಕಪ್ಪು ಜನರ ಸಂಗೀತವನ್ನು ಬಿಳಿಯರ ಮನೆಯೊಳಗೆ ಒಯ್ದು ಸೇತುವೆ ಕಟ್ಟಿದವರು ನೀವು ಎಂಬುದು ಅವರ ಮಾತಿನ ತಾತ್ಪರ್ಯ.

ಮರುವರ್ಷ ಏಪ್ರಿಲ್ 4ರಂದು ಮೆಂಫಿಸ್ಸಿನ ವಸತಿಗೃಹವೊಂದರಲ್ಲಿ ಕಿಂಗ್ ಗುಂಡಿಗೆ ಬಲಿಯಾದರು. ನೂರಕ್ಕೂ ಹೆಚ್ಚು ಊರುಗಳಲ್ಲಿ ಬೆಂಕಿ ಎದ್ದಿತು. ಆ ರಾತ್ರಿ ಹಲವಾರು ಕೇಂದ್ರಗಳ ಉದ್ಘೋಷಕರು ಎಂದಿನ ಹಾಡುಗಳನ್ನು ಬಿಟ್ಟು, ಮನೆಗೆ ಹೋಗಿ, ಮನೆಯಲ್ಲಿರಿ ಎಂದು ಜನರನ್ನು ಬೇಡಿಕೊಂಡರು. ರಾಜಧಾನಿ ವಾಷಿಂಗ್ಟನ್ನಿನಲ್ಲಿ ಪೀಟಿ ಗ್ರೀನ್ ಅವರು ಹೀಗೆ ಮಾತನಾಡಿ ಹಲವರನ್ನು ತಡೆದರೆಂದು ಇಂದಿಗೂ ಸ್ಮರಿಸುತ್ತಾರೆ. ಸರಕಾರದ ಮಾತನ್ನು ಕೇಳದವರು ಇವರ ಮಾತನ್ನು ಏಕೆ ಕೇಳಿದರು? ಕಳೆದ ವಸ್ತುವನ್ನು ಹುಡುಕಿಕೊಟ್ಟ ಧ್ವನಿ, ಸತ್ತವರ ಸುದ್ದಿಯನ್ನು ಗೌರವದಿಂದ ಓದಿದ ಧ್ವನಿ, ತಮ್ಮ ಆಡುಮಾತಿನಲ್ಲಿಯೇ ನಗಿಸಿದ ಧ್ವನಿ ಅದು. ನಿತ್ಯದ ಸಣ್ಣ ಕೆಲಸಗಳಲ್ಲಿ ಗಳಿಸಿದ ನಂಬಿಕೆಯೇ ದೊಡ್ಡ ದಿನ ಬಂದಾಗ ಮಕ್ಕಳನ್ನು ಬೀದಿಗೆ ಕರೆಯಿತು, ಆ ದುಃಖದ ರಾತ್ರಿ ದೊಡ್ಡವರನ್ನು ಮನೆಗೆ ಕಳುಹಿಸಿತು.

1968ರಲ್ಲಿಯೇ ಬ್ಲೇಟನ್ ಅವರು ತಮ್ಮ ಕೇಂದ್ರವನ್ನು ಮಾರಿದರು. ಮೆಂಫಿಸ್ಸಿನ ಕೇಂದ್ರವು ಕೈಯಿಂದ ಕೈಗೆ ದಾಟಿದರೂ ಹಳೆಯ ಹೆಸರಿನಲ್ಲಿಯೇ ಉಳಿಯಿತು. ಒಡೆತನವು ಬರುತ್ತದೆ, ಹೋಗುತ್ತದೆ. ಆಬರ್ನ್ ಬೀದಿಯಲ್ಲಿ ನೀರಿನ ಕೊಳದ ನಡುವೆ ಕಿಂಗ್ ದಂಪತಿಗಳ ಸಮಾಧಿಯಿದೆ. ದಿನವೂ ಶಾಲಾ ಮಕ್ಕಳು ಸಾಲಾಗಿ ಬಂದು ನೋಡಿ ಹೋಗುತ್ತಾರೆ. ತಮ್ಮ ಮಾತಿನಲ್ಲಿ ತಮ್ಮನ್ನು ಕರೆಯುವ ಒಂದು ಧ್ವನಿಗಾಗಿ ಕಿವಿಗೊಟ್ಟು ಬದುಕಿದ ಜನರ ಕಥೆ ಗಡಿಯಾಚೆಯ ಕನ್ನಡ ಮನೆಗಳಿಗೆ ಅಪರಿಚಿತವೆನಿಸಲಾರದು. ಅಂಥ ಧ್ವನಿ ಒಂದೇ ದಿನದಲ್ಲಿ ಹುಟ್ಟುವುದಿಲ್ಲ. ಬೆಳಿಗ್ಗೆ ಪಾಠಕ್ಕೆ ಮುನ್ನವೂ ಸಂಜೆ ಪಾಠದ ನಂತರವೂ ಬಂದು ಕುಳಿತ ಆ ಉಪಾಧ್ಯಾಯರಂತೆ, ದಿನವೂ ಅದನ್ನು ಸಾಕಿ ಬೆಳೆಸಬೇಕಾಗುತ್ತದೆ.