ಬಣ್ಣ ನೋಡಿ ಕಲ್ಲನ್ನು ನಂಬಬೇಡಿ

ಕಲ್ಲು ಗುರುತಿಸುವ ಹವ್ಯಾಸಕ್ಕೆ ಕಾಸು ಬೇಡ, ಒಂದಿಷ್ಟು ಅನುಮಾನದ ಬುದ್ಧಿ ಸಾಕು. ಮೊದಲು ಅನುಮಾನಿಸಬೇಕಾದದ್ದು ಬಣ್ಣವನ್ನೇ. ಬೀದರ್ ಕೋಟೆಯ ಕೆಂಪು ಜಂಬಿಟ್ಟಿಗೆ ಕಲ್ಲನ್ನೂ ಭಾಲ್ಕಿ, ಔರಾದ್ ಕಡೆಯ ಕರಿಕಲ್ಲನ್ನೂ ಅಕ್ಕಪಕ್ಕ ಇಟ್ಟರೆ ಎರಡಕ್ಕೂ ನೆಂಟಸ್ತನ ಕಾಣುವುದಿಲ್ಲ. ಆದರೆ ಆ ಕೆಂಪು ಹುಟ್ಟಿದ್ದು ಈ ಕಪ್ಪಿನಿಂದಲೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಹರಿದ ಲಾವಾ ತಣಿದು ಬಸಾಲ್ಟ್ ಎಂಬ ಈ ಕರಿಕಲ್ಲಾಯಿತು. ಮುಂದೆ ಮಳೆನೀರು ಅದರ ಮೇಲ್ಪದರದ ಸುಣ್ಣವನ್ನೂ ಸಿಲಿಕಾವನ್ನೂ ತೊಳೆದೊಯ್ದಾಗ ಕಬ್ಬಿಣ, ಅಲ್ಯೂಮಿನಿಯಂ ಅಂಶಗಳು ಉಳಿದವು. ಜಂಬಿಟ್ಟಿಗೆಯ ಕೆಂಪು ಎಂದರೆ ಆ ಕಬ್ಬಿಣದ ತುಕ್ಕು.

ಬಣ್ಣ ಕೈಕೊಟ್ಟ ಕಡೆ ಗುಣವನ್ನೇ ಕೇಳಬೇಕು. ಗುಣ ತಿಳಿದರೆ ಉಪಯೋಗವೂ ತಿಳಿದಂತೆ. ಕರಿಕಲ್ಲಿನ ಪೊಟರೆಗಳಲ್ಲಿ ಕೂತ ಕ್ಯಾಲ್ಸೈಟ್, ಸ್ಫಟಿಕ, ಜಿಯೋಲೈಟ್ ಮೂರೂ ಬಹುಮಟ್ಟಿಗೆ ಬಿಳಿಯವೇ. ಚಾಕುವಿನಿಂದ ಸಲೀಸಾಗಿ ಗೀರು ಬಿದ್ದು, ಪುಡಿಗೆ ನಿಂಬೆರಸ ಹಿಂಡಿದಾಗ ನೊರೆ ಎದ್ದರೆ ಅದು ಕ್ಯಾಲ್ಸೈಟ್, ಸುಣ್ಣದ ಮೂಲ. ಎರೆಹೊಲದ ಸುಣ್ಣದ ಹರಳುಗಳೂ ಇದೇ ಕುಲದವು. ಗಾಜನ್ನೇ ಗೀರಿದರೆ ಸ್ಫಟಿಕ. ಗಾಜು ಹುಟ್ಟುವುದೂ ಅದರ ಮರಳಿನಿಂದ. 1812ರಲ್ಲಿ ಖನಿಜತಜ್ಞ ಮೋಸ್ ರೂಪಿಸಿದ ಗಡಸುತನದ ಮಾಪಕದಲ್ಲಿ ಕ್ಯಾಲ್ಸೈಟಿಗೆ 3, ಸ್ಫಟಿಕಕ್ಕೆ 7. ಗಾಜನ್ನೂ ಗೀರದೆ, ನಿಂಬೆಗೂ ನೊರೆಯಾಗದೆ ಉಳಿದದ್ದು ಜಿಯೋಲೈಟ್ ಇರಬಹುದು. ಗಡಸು ನೀರನ್ನು ಮೆದುಗೊಳಿಸುವ ಗುಣ ಅದಕ್ಕುಂಟು.

ಜಂಬಿಟ್ಟಿಗೆ ಖನಿಜವೇ ಅಲ್ಲ, ಹಲವು ಖನಿಜಗಳ ಬೆರಕೆ, ಅಲ್ಲಿ ಚಾಕು, ನಿಂಬೆ ನಡೆಯವು ಎಂದು ಬಲ್ಲವರು ಆಕ್ಷೇಪಿಸಬಹುದು. ನಿಜ, ಯಾವ ಅಂಶ ಎಷ್ಟೆಂದು ಹೇಳಲು ಪ್ರಯೋಗಾಲಯವೇ ಬೇಕು. ಆದರೂ ಹೊಳಪಿಲ್ಲದ ಟೈಲ್ಸಿನ ಬೆನ್ನಿಗೆ ಉಜ್ಜಿದಾಗ ಕೆಂಪು ಗೆರೆ ಎಳೆಯುವುದು ಅದರೊಳಗಿನ ಕಬ್ಬಿಣದ ಖನಿಜ ಹೆಮಟೈಟ್, ಹಳದಿಗಂದು ಎಳೆಯುವುದು ಇನ್ನೊಂದು ಕಬ್ಬಿಣದ ಖನಿಜ ಗೋಥೈಟ್. ಕಾವಿ ಬಣ್ಣದ ಗುಟ್ಟು ಅಲ್ಲಿದೆ. ಒಂದು ಚೊಂಬು ನೀರು ಸುರಿದರೆ ಇನ್ನೊಂದು ಗುಟ್ಟು ಹೊರಬೀಳುತ್ತದೆ: ಜಂಬಿಟ್ಟಿಗೆ ನೀರು ಕುಡಿಯುತ್ತದೆ, ಗಟ್ಟಿ ಬಸಾಲ್ಟ್ ಕುಡಿಯದು. ಮೇಲಿನ ಕಲ್ಲು ಇಂಗಿಸಿಕೊಂಡದ್ದನ್ನು ಕೆಳಗಿನ ಪದರ ತಡೆದು ನಿಲ್ಲಿಸುವುದರಿಂದಲೇ ಬಹಮನಿಗಳ ಕಾಲದವರು ಬೀದರ್ ಬಳಿಯ ನೌಬಾದಿನಲ್ಲಿ ಕರೇಜ್ ಎಂಬ ಸುರಂಗ ಕಾಲುವೆ ಕೊರೆದು ನೀರು ಹರಿಸಲು ಸಾಧ್ಯವಾಯಿತು.

ಮೊಬೈಲಿನಲ್ಲಿ ಫೋಟೊ ತೆಗೆದರೆ ಹೆಸರು ಬರುತ್ತದಲ್ಲ ಎಂಬ ಆಕ್ಷೇಪಕ್ಕೆ ಬೀದರಿನ ಬಿದ್ರಿ ಪಾತ್ರೆಗಳ ಕಸುಬೇ ಉತ್ತರ. ಕೋಟೆಯ ಹಳೆ ಮಣ್ಣು ಫೋಟೊದಲ್ಲಿ ಬರೀ ಮಣ್ಣು. ಅದನ್ನು ನಾಲಗೆಗೆ ತಾಗಿಸಿ ಆರಿಸುವ ಕುಶಲಕರ್ಮಿಗಳಿದ್ದಾರೆ. ಅದಕ್ಕೆ ನವಸಾಗರ ಬೆರೆಸಿ ಬಿಸಿಯಾದ ಪಾತ್ರೆಗೆ ಹಚ್ಚಿದರೆ ಸತುವು, ತಾಮ್ರದ ಮಿಶ್ರಲೋಹ ಕಪ್ಪಾಗುತ್ತದೆ, ಬೆಳ್ಳಿಯ ಕುಸುರಿ ಮಾತ್ರ ಹೊಳೆಯುತ್ತಲೇ ಇರುತ್ತದೆ. ಕ್ಯಾಮೆರಾ ಕಾಣುವುದು ಹೊರರೂಪವನ್ನು. ಗುಣ ಗೊತ್ತಾಗುವುದು ಮುಟ್ಟಿ, ಗೀರಿ, ನೆನೆಸಿ ನೋಡಿದವರಿಗೆ. ನೀವೂ ಒಂದು ಚಾಕು, ಒಂದು ನಿಂಬೆಹಣ್ಣು ಹಿಡಿದು ಹೊರಡಿ. ಕೋಟೆಯ ಗೋಡೆಗೆ ಮಾತ್ರ ಕೈ ಹಚ್ಚಬೇಡಿ. ಹೊಲದ ಬದುಗಳಲ್ಲಿ ಬೇಕಾದಷ್ಟು ಕಲ್ಲುಗಳಿವೆ.