ಕಾಸರಕೋಡಿನ ಸಾಲಿನಲ್ಲಿ ಏರಿದ ಮುಳ್ಳು

ಅಂಬಾಸಿಡರ್ ಕಾಲದವರಿಗೆ ರೇಡಿಯೇಟರ್ ಫ್ಯಾನಿನ ಚಿಂತೆ ಅಷ್ಟಿರಲಿಲ್ಲ. ಎಂಜಿನ್ ತಿರುಗಿದರೆ ಬೆಲ್ಟು, ಬೆಲ್ಟು ತಿರುಗಿದರೆ ಫ್ಯಾನು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಲ್ಲಿ ಎಂಜಿನ್ ಅಡ್ಡಡ್ಡ ಕೂತಿತು. ಬೆಲ್ಟು ಚಕ್ರದ ಕಡೆಗಾಯಿತು, ರೇಡಿಯೇಟರ್ ಮುಂದುಗಡೆ ಉಳಿಯಿತು. ಹಾಗಾಗಿ ಫ್ಯಾನಿಗೆ ಬೇರೆಯೇ ಮೋಟಾರು, ನೀರು ಕಾದಾಗ ಅದನ್ನು ಎಬ್ಬಿಸಲು ಒಂದು ಥರ್ಮೋ ಸ್ವಿಚ್ಚು. ನಮ್ಮ ಚಿಕ್ಕಪ್ಪನದು ಅಂಥದೊಂದು ಹಳೇ ಮಾರುತಿ.

ಹೆದ್ದಾರಿ ಅಗಲ ಮಾಡುವ ಕೆಲಸ ನಡೆದಿತ್ತು, ಮೇ ತಿಂಗಳು. ಭಟ್ಕಳದಿಂದ ಹೊರಟು, ಕುಮಟೆಯಲ್ಲಿ ತಿರುಗಿ, ದೇವಿಮನೆ ಘಟ್ಟ ಹತ್ತಿ ಶಿರಸಿ ಕಡೆಯ ಉಪನಯನಕ್ಕೆ ಹೋಗಬೇಕಿತ್ತು. ಮುರ್ಡೇಶ್ವರ, ಮಂಕಿ ಕಳೆದರೂ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ನಡುಮಟ್ಟ ಬಿಟ್ಟು ಕದಲಲಿಲ್ಲ. ಓಡುವ ಕಾರಿಗೆ ಎದುರುಗಾಳಿಯೇ ಸಾಕು, ಫ್ಯಾನು ಸತ್ತಿದ್ದರೂ ತಿಳಿಯುವುದಿಲ್ಲ. ತಿಳಿದದ್ದು ಕಾಸರಕೋಡಿನಲ್ಲಿ, ಶರಾವತಿ ಸೇತುವೆಗೆ ಮುಂಚೆ ಲಾರಿಗಳ ಹಿಂದೆ ನಿಂತಾಗ.

ಚಿಕ್ಕಪ್ಪ ಕಿಟಕಿ ಇಳಿಸಿ ಹೀಟರ್ ಹಾಕಿದರು. ಮೇ ತಿಂಗಳ ಕರಾವಳಿಯಲ್ಲಿ! ರೇಷ್ಮೆ ಸೀರೆಯುಟ್ಟಿದ್ದ ಚಿಕ್ಕಮ್ಮನ ಮುಖ ನೋಡುವ ಹಾಗಿರಲಿಲ್ಲ. ಉಪಾಯವೇನೋ ಸರಿಯೇ: ಹೀಟರಿನಲ್ಲಿ ಹರಿಯುವುದೂ ಎಂಜಿನ್ನಿನ ಬಿಸಿನೀರೇ, ಅದೂ ಒಂದು ಪುಟ್ಟ ರೇಡಿಯೇಟರ್. ಮುಳ್ಳು ಕೆಂಪಿನ ಅಂಚಿನಲ್ಲಿ ತಡೆಯಿತು. ಹೊಳೆ ದಾಟಿ ಹೊನ್ನಾವರದ ಒಂದು ಗ್ಯಾರೇಜಿನ ಮುಂದೆ ನಿಲ್ಲಿಸಿದೆವು.

ಚೊಂಬು ಹಿಡಿದು ಇಳಿದ ಚಿಕ್ಕಮ್ಮನನ್ನು ಮೆಕ್ಯಾನಿಕ್ ತಡೆದ. “ಮುಚ್ಚಳ ಮುಟ್ಟಬೇಡಿ ಅಮ್ಮ, ಮುಖಕ್ಕೇ ಹಾರ್ತದೆ.” ಆ ಮುಚ್ಚಳ ಒಳಗಿನ ಒತ್ತಡ ಹಿಡಿದಿರುವುದರಿಂದ ನೀರು ನೂರು ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ, ತೆಗೆದರೆ ಒಮ್ಮೆಲೇ ಕುದಿದು ಚಿಮ್ಮುತ್ತದೆ.

ಎಂಜಿನ್ ಆರಿದ ಮೇಲೆ ಆತ ಹುಡುಕಿದ ಕ್ರಮ ನನಗೆ ಇವತ್ತಿಗೂ ಹಿಡಿಸುತ್ತದೆ. ಮೊದಲು ಫ್ಯೂಸು ನೋಡಿದ, ಸರಿಯಿತ್ತು. ಥರ್ಮೋ ಸ್ವಿಚ್ಚಿನ ಕನೆಕ್ಟರ್ ಕಿತ್ತು, ತುಂಡು ವಯರಿನಿಂದ ಎರಡೂ ತುದಿ ಕೂಡಿಸಿದ. ಸ್ವಿಚ್ಚೇ ಕೆಟ್ಟಿದ್ದರೆ ಫ್ಯಾನು ಈಗ ತಿರುಗಬೇಕು, ತಿರುಗಲಿಲ್ಲ. ಬ್ಯಾಟರಿಯಿಂದ ನೇರ ಮೋಟಾರಿಗೆ ಎರಡು ವಯರು ಕೊಟ್ಟ. ಭರ್ರೆಂದು ತಿರುಗಿತು! ಚಿಕ್ಕಪ್ಪ ಹೊಸ ಮೋಟಾರಿನ ಲೆಕ್ಕ ಹಾಕುತ್ತಿದ್ದವರು ಅಲ್ಲಿಗೆ ನಿಲ್ಲಿಸಿದರು.

“ಕರೆಂಟು ಬತ್ತದೆ ಮಾರಾಯ್ರೆ, ವಾಪಸ್ ಹೋಗೂಕೆ ದಾರಿ ಇಲ್ಲ,” ಎಂದು ಬಾಡಿಗೆ ಬಿಗಿದಿದ್ದ ಅರ್ಥ್ ವಯರಿನ ಬೋಲ್ಟು ತೋರಿಸಿದ. ಹಸಿರು ಕಿಲುಬು, ಕೆಳಗೆ ತುಕ್ಕು. ನಮ್ಮ ಕಡಲ ಗಾಳಿಯ ಉಪ್ಪು ಬಾಗಿಲ ಚಿಲಕವನ್ನೇ ಬಿಡುವುದಿಲ್ಲ, ಇದನ್ನು ಬಿಟ್ಟೀತೆ? ಮರಳು ಕಾಗದದಿಂದ ಉಜ್ಜಿ, ಬಿಗಿದು, ಗ್ರೀಸ್ ಸವರಿದ. ತಣಿದ ಮೇಲೆ ನೀರು ತುಂಬಿಸಿ ಎಂಜಿನ್ ಹಾಗೇ ಓಡಲು ಬಿಟ್ಟ. ಮುಳ್ಳು ಅರ್ಧ ದಾಟುತ್ತಲೇ ಫ್ಯಾನು ತಾನಾಗಿ ಎದ್ದಿತು, ತುಸು ಹೊತ್ತಿಗೆ ತಾನಾಗಿ ನಿಂತಿತು.

ಘಟ್ಟ ಹತ್ತುವ ಮುಂಚೆ ಕತಗಾಲದಲ್ಲಿ ಚಿಕ್ಕಪ್ಪ ಮತ್ತೊಮ್ಮೆ ಅದೇ ಪರೀಕ್ಷೆ ಮಾಡಿಸಿದ್ದರಿಂದ ನಮಗೆ ಸಿಕ್ಕಿದ್ದು ಕೊನೆಯ ಪಂಕ್ತಿ. ಯಾಕೆ ತಡವಾಯಿತೆಂದು ಯಾರೋ ಕೇಳಿದರು. ಚಿಕ್ಕಪ್ಪ ಅಂಬಾಸಿಡರಿನ ಬೆಲ್ಟಿನಿಂದಲೇ ಶುರು ಮಾಡಿದರು. ಪಾಯಸ ಬಂದರೂ ಥರ್ಮೋ ಸ್ವಿಚ್ಚಿಗೆ ಬಂದಿರಲಿಲ್ಲ.